ಮೂವತ್ನಾಲ್ಕರ ಪುಟ್ಟಿಗೆ ದೊಡ್ಡಮ್ಮನ ಕಾಗದ

ಹ್ಯೂಸ್ಟನ್

ಪ್ರೀತಿಯ ಪುಟ್ಟಿ,

ನಿನ್ನ ಕಾಗದ ತಲುಪಿತು. ‘ಡಾಕ್ಟರಾಗಬೇಕು ಅಂತ ತೀರ್ಮಾನ ಮಾಡಿದ್ದೀನಿ ದೊಡ್ಡಮ್ಮ, ಮೂವತ್ನಾಲ್ಕಕ್ಕೆ ಇದೆಂಥ ಹುಚ್ಚು ಅಂತ ಅಮ್ಮನ ಹಾಗೆ ನೀವೂ ಬೈಬೇಡಿ’ ಎಂದು ಶುರು ಮಾಡಿದ್ದೀಯ. ಬೈಯುವ ಮಾತೇ ಇಲ್ಲ, ಓದುತ್ತ ಓದುತ್ತ ನನಗೆ ಹೆಮ್ಮೆಯೇ ಆಯಿತು. ಶನಿವಾರ ಶನಿವಾರ ಆ ಉಚಿತ ಚಿಕಿತ್ಸಾಲಯಕ್ಕೆ ಹೋಗಿ ಬರುತ್ತಿದ್ದೀಯಲ್ಲ, ಅಲ್ಲಿಗೆ ಬಂದ ಹೆಂಗಸಿನ ವಿಷಯ ಬರೆದಿದ್ದೀಯ. ಬಿ.ಪಿ. ಮಾತ್ರೆಗಳನ್ನು ಉಗುರಿನಲ್ಲಿ ಎರಡು ಹೋಳು ಮಾಡಿ, ಪೆಪ್ಪರ್‌ಮಿಂಟ್ ಡಬ್ಬಿಯಲ್ಲಿಟ್ಟುಕೊಂಡು, ತಿಂಗಳಿನದನ್ನು ಎರಡು ತಿಂಗಳಿಗೆ ಎಳೆಯುತ್ತಿದ್ದವಳು. ಡಾಕ್ಟರು ‘ಮಾತ್ರೆ ಸರಿಯಾಗಿ ತಗೋತಿದ್ದೀರಾ’ ಎಂದಾಗ ಹೂಂ ಎಂದಳು, ಆಮೇಲೆ ನಿನ್ನೆದುರು ಡಬ್ಬಿ ತೆರೆದಳು. ಆ ಪ್ಯಾರಾವನ್ನು ಜೋಪಾನವಾಗಿ ಇಟ್ಟುಕೋ. ಅದು ಎಲ್ಲಿ ಬೇಕಾಗುತ್ತದೆ ಎಂದು ಮುಂದೆ ಹೇಳುತ್ತೇನೆ.

ಕಾಗದದ ಮಿಕ್ಕ ಭಾಗವೆಲ್ಲ ಭಯ. ವಯಸ್ಸಾಯಿತು ಎಂಬ ಭಯ ಒಂದು. ಎಂಟು ವರ್ಷ ಕ್ಯಾಲಿಫೋರ್ನಿಯಾದಲ್ಲಿ ಬೇರೂರಿ, ಈಗ ಅಳಿಯಂದಿರ ಕೆಲಸಕ್ಕಾಗಿ ಜೂನ್‌ನಲ್ಲಿ ಹ್ಯೂಸ್ಟನ್‌ಗೆ ಬರಬೇಕಾಗಿದೆ, ‘ಅಲ್ಲಿಯವಳೂ ಅಲ್ಲ, ಇಲ್ಲಿಯವಳೂ ಅಲ್ಲ, ಅತಂತ್ರಳಾಗಿಬಿಡುತ್ತೇನೆ’ ಎಂಬ ಭಯ ಇನ್ನೊಂದು. ಕನ್ನಡ ಕೂಟದ ಪರಿಚಯದವರೊಬ್ಬರು ‘ಈಗಿನಿಂದಲೇ ನಮ್ಮ ಹ್ಯೂಸ್ಟನ್ ಮನೆಯ ವಿಳಾಸ ಹಾಕಿಕೋ, ರಾಜ್ಯದ ನಿವಾಸಿಯಾಗಲು ಬೇಕಾದ ವರ್ಷದ ಲೆಕ್ಕ ಬೇಗ ಶುರುವಾಗುತ್ತೆ’ ಅಂದರಂತೆ. ನಿನ್ನ ದೊಡ್ಡಮ್ಮ ನಿವೃತ್ತಿಯಾಗುವವರೆಗೆ ಮಾಡಿದ್ದು ಇದೇ ಕೆಲಸ. ಒಂದು ರಾಜ್ಯ ವಿಶ್ವವಿದ್ಯಾಲಯದಲ್ಲಿ ಯಾರು ರಾಜ್ಯದ ನಿವಾಸಿ, ಯಾರು ಅಲ್ಲ ಎಂದು ಕಡತ ನೋಡುವ ಕೆಲಸ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳದೆ ಓದು.

ಮೊದಲು, ರಾಜ್ಯ ಈ ಪ್ರಶ್ನೆ ಕೇಳುವುದಾದರೂ ಯಾಕೆ ಎಂಬುದನ್ನು ಮನಸ್ಸಿಗೆ ತಂದುಕೋ. ಸರ್ಕಾರಿ ಮೆಡಿಕಲ್ ಕಾಲೇಜಿನ ಒಂದೊಂದು ಸೀಟಿನ ಹಿಂದೆಯೂ ಆ ರಾಜ್ಯದ ತೆರಿಗೆ ಕಟ್ಟುವವರ ದುಡ್ಡಿದೆ. ಟೆಕ್ಸಸ್‌ನಲ್ಲಿ 254 ಕೌಂಟಿಗಳು. ಒಬ್ಬ ಡಾಕ್ಟರೂ ಇಲ್ಲದ ಕೌಂಟಿಗಳು ಈಗಲೂ ಇವೆ. ನಮ್ಮ ಖರ್ಚಿನಲ್ಲಿ ಓದಿದವರು ನಮ್ಮಲ್ಲೇ ಉಳಿಯಲಿ ಎಂದು ಅವರು ಬಯಸುವುದು ನ್ಯಾಯವಾಗಿಯೇ ಇದೆ. ಅದಕ್ಕಾಗಿ ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜುಗಳು ಹೊರರಾಜ್ಯದವರನ್ನು ನೂರಕ್ಕೆ 10ಕ್ಕಿಂತ ಹೆಚ್ಚು ಸೇರಿಸಿಕೊಳ್ಳುವಂತಿಲ್ಲ. ಕಾನೂನಿನಲ್ಲಿ ಬರೆದಿರುವ ಮೂಲ ಬೋಧನಾ ಶುಲ್ಕ ನಿವಾಸಿಗೆ ವರ್ಷಕ್ಕೆ 6,550 ಡಾಲರ್, ಹೊರಗಿನವರಿಗೆ ಅದರ ಮೂರು ಪಟ್ಟು. ಅದರ ಮೇಲೆ ಕಾಲೇಜಿನ ಮಿಕ್ಕ ಶುಲ್ಕಗಳು ಬೇರೆ.

ನಿಮ್ಮಮ್ಮ ಮೊನ್ನೆ ಫೋನಿನಲ್ಲಿ ‘ಅಲ್ಲೂ ಇದೆಯಾ ಈ ತಾಪತ್ರಯ’ ಅಂದಳು. ಇದೆ, ಆದರೆ ಕೇಳುವ ರೀತಿ ಬೇರೆ. ನಮ್ಮ ಕರ್ನಾಟಕದಲ್ಲಿ ಮುಖ್ಯವಾಗಿ ಕೇಳುವುದು ನೀನು ಎಲ್ಲಿ ಓದಿದೆ ಎಂದು. ಒಂದನೇ ಕ್ಲಾಸಿನಿಂದ ಪಿಯುಸಿವರೆಗೆ ಏಳು ವರ್ಷ ರಾಜ್ಯದಲ್ಲಿ ಓದಿದ್ದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು, ಅದರ ಮೇಲೆ ಬಿಇಒ ಸಹಿ ಬೇಕು. ನಿನ್ನ ಸಿಇಟಿ ಸಮಯದಲ್ಲಿ ನಿಮ್ಮಪ್ಪ ಆ ಸಹಿಗಾಗಿ ಅಲೆದಿದ್ದು ನಿನಗೆ ನೆನಪಿರಬೇಕು. ಅಂದರೆ ಅಲ್ಲಿ ಉತ್ತರ ನಿನ್ನ ಬಾಲ್ಯದಲ್ಲೇ ಬರೆದಾಗಿರುತ್ತದೆ, ಈಗ ಬದಲಾಯಿಸಲು ಬರುವುದಿಲ್ಲ. ಅಮೆರಿಕದಲ್ಲಿ ಕೇಳುವುದು ಈಗ ನಿನ್ನ ಸಂಸಾರ ಎಲ್ಲಿದೆ, ಇನ್ನು ಮುಂದೆ ಎಲ್ಲಿ ಇರಬೇಕೆಂದಿದ್ದೀಯ ಎಂದು. ಉತ್ತರವನ್ನು ನೀನೇ ಬದುಕಿ ಬರೆಯಬಹುದು.

ಪುಟ್ಟಿ, ನಾನು ಈ ಕಾಗದದಲ್ಲಿ ಹೇಳಬೇಕೆಂದಿರುವುದು ಇದನ್ನೇ. ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರು ಅಪ್ಪ ಅಮ್ಮನ ವಿಳಾಸದ ಬಲದ ಮೇಲೆ ನಿವಾಸಿಗಳು. ನಿನಗೆ ಸ್ವಂತ ಸಂಬಳ ಇದೆ, ಗಂಡ ಇದ್ದಾರೆ, ಶಾಲೆಗೆ ಹೋಗುವ ಮಗು ಇದೆ, ಬಾಡಿಗೆ ಕರಾರು ನಿನ್ನ ಹೆಸರಿನಲ್ಲಿರುತ್ತದೆ. ‘ನೀನು ಇಲ್ಲೇ ಇರುವವಳಾ?’ ಎಂದು ರಾಜ್ಯ ಕೇಳಿದರೆ ನಿನ್ನಷ್ಟು ಗಟ್ಟಿಯಾಗಿ ಹೌದು ಎನ್ನಬಲ್ಲವರು ಆ ಸಾಲಿನಲ್ಲಿ ಕಡಿಮೆ. ವಯಸ್ಸು ಅಡ್ಡಿ ಎಂದುಕೊಂಡಿದ್ದೀಯಲ್ಲ, ಈ ಒಂದು ವಿಷಯದಲ್ಲಿ ಅದೇ ನಿನ್ನ ಬಲ.

ಈಗ ‘ಅತಂತ್ರ’ದ ವಿಷಯಕ್ಕೆ ಬರೋಣ. ಸುಪ್ರೀಂ ಕೋರ್ಟಿನ ಒಂದು ಹಳೆಯ ತೀರ್ಪಿದೆ, ನನ್ನ ಮೇಜಿಗೆ ಬಂದವರಿಗೆ ಇದನ್ನು ಹೇಳುವುದು ನನಗೆ ಇಷ್ಟವಾದ ಕೆಲಸವಾಗಿತ್ತು. 1971ರಲ್ಲಿ ಕನೆಕ್ಟಿಕಟ್ ರಾಜ್ಯ ಒಂದು ಕಾನೂನು ಮಾಡಿತು. ಮದುವೆಯಾದ ವಿದ್ಯಾರ್ಥಿ ಅರ್ಜಿ ಹಾಕುವ ಹೊತ್ತಿಗೆ ಅವರ ವಿಳಾಸ ಹೊರರಾಜ್ಯದ್ದಾಗಿದ್ದರೆ, ಓದು ಮುಗಿಯುವವರೆಗೂ ಅವರು ಹೊರಗಿನವರೇ. ಆಮೇಲೆ ಏನೇ ಬದಲಾದರೂ ಕೇಳುವ ಹಾಗಿಲ್ಲ. ಆಗ ಕ್ಯಾಲಿಫೋರ್ನಿಯಾದಲ್ಲಿ ಓದುತ್ತಿದ್ದ ಒಬ್ಬ ಹುಡುಗಿ ಕನೆಕ್ಟಿಕಟ್‌ನವನನ್ನು ಮದುವೆಯಾಗಿ, ಗಂಡನ ಊರಿಗೆ ಬಂದು, ಅಲ್ಲಿನ ವಿಶ್ವವಿದ್ಯಾಲಯ ಸೇರಿದಳು. ಡ್ರೈವಿಂಗ್ ಲೈಸೆನ್ಸ್ ಅಲ್ಲಿಯದು, ಕಾರಿನ ನೋಂದಣಿ ಅಲ್ಲಿಯದು, ಮತದಾರರ ಪಟ್ಟಿಯಲ್ಲಿ ಹೆಸರು ಅಲ್ಲಿಯದು. ಆದರೂ ವಿಶ್ವವಿದ್ಯಾಲಯ ಹೊರಗಿನವರ ಶುಲ್ಕವನ್ನೇ ವಸೂಲಿ ಮಾಡಿತು, ಅರ್ಜಿ ಬರೆದಾಗ ಅವಳ ವಿಳಾಸ ಕ್ಯಾಲಿಫೋರ್ನಿಯಾದ್ದಾಗಿತ್ತು ಎಂಬ ಒಂದೇ ಕಾರಣಕ್ಕೆ. ವ್ಲಾಂಡಿಸ್ ವಿರುದ್ಧ ಕ್ಲೈನ್ ಎಂಬ ಆ ಮೊಕದ್ದಮೆಯಲ್ಲಿ 1973ರ ಜೂನ್ 11ರಂದು ಸುಪ್ರೀಂ ಕೋರ್ಟು ಆ ಕಾನೂನನ್ನು ಹೊಡೆದುಹಾಕಿತು. ನಿಜವಾಗಿ ನೆಲೆಸಿದವರು ಯಾರು ಎಂದು ರಾಜ್ಯ ಪರೀಕ್ಷಿಸಬಹುದು, ಆದರೆ ‘ನಾನು ಈಗ ಇಲ್ಲಿಯವಳು’ ಎಂದು ಸಾಬೀತು ಮಾಡುವ ಬಾಗಿಲನ್ನೇ ಶಾಶ್ವತವಾಗಿ ಮುಚ್ಚುವ ಹಾಗಿಲ್ಲ ಎಂದಿತು. ಒಂದು ವರ್ಷ ಕಾಯಿಸುವ ನಿಯಮಕ್ಕೆ ಮಾತ್ರ ಕೋರ್ಟು ಅಡ್ಡಿ ಬರಲಿಲ್ಲ. ಮಿನ್ನೆಸೋಟದ ಅಂಥ ನಿಯಮವನ್ನು ಅದಕ್ಕೂ ಮೊದಲೇ, 1971ರಲ್ಲೇ, ಎತ್ತಿಹಿಡಿದಿತ್ತು.

ನಮ್ಮ ದೇಶದಲ್ಲೂ ಇಂಥದ್ದೇ ಪ್ರಶ್ನೆ ಇನ್ನೂ ಮೊದಲು ಎದ್ದಿತ್ತು. ಇಂದೋರ್‌ನ ಮೆಡಿಕಲ್ ಕಾಲೇಜು ಆಗಿನ ಮಧ್ಯಭಾರತ ರಾಜ್ಯದ ನಿವಾಸಿಗಳಿಗೆ ಕ್ಯಾಪಿಟೇಶನ್ ಶುಲ್ಕ ಬಿಟ್ಟು ಹೊರಗಿನವರಿಂದ ಮಾತ್ರ ತೆಗೆದುಕೊಂಡಾಗ, ದೆಹಲಿಯ ವಿದ್ಯಾರ್ಥಿಯೊಬ್ಬ ಸುಪ್ರೀಂ ಕೋರ್ಟಿಗೆ ಹೋದ. 1955ರಲ್ಲಿ ಬಹುಮತದ ತೀರ್ಪು ಕಾಲೇಜಿನ ಪರ ಬಂತು. ಹುಟ್ಟಿದ ಜಾಗ ಬೇರೆ, ನೆಲೆಸಿದ ಜಾಗ ಬೇರೆ ಎಂಬುದು ಆಗಿನ ತರ್ಕ.

ನಿನ್ನ ವಿಷಯಕ್ಕೆ ಬಂದರೆ, ಟೆಕ್ಸಸ್ ಕೇಳುವುದು ಸತತ 12 ತಿಂಗಳು, ಜೊತೆಗೆ ಇಲ್ಲಿ ನೆಲೆಯೂರಿದ್ದೀಯ ಎಂಬುದಕ್ಕೆ ಒಂದು ಗಟ್ಟಿ ಆಧಾರ. ಆ ಆಧಾರ ಇಲ್ಲಿನ ಸಂಬಳದ ಕೆಲಸವಾಗಬಹುದು, ನಿನ್ನ ಹೆಸರಿನ ಮನೆಯಾಗಬಹುದು, ಇಲ್ಲಿ ನಡೆಸುವ ವ್ಯಾಪಾರವಾಗಬಹುದು, ಇಲ್ಲಿನ ನಿವಾಸಿಯೊಂದಿಗಿನ ಮದುವೆಯಾಗಬಹುದು. ನಿನ್ನ ಕಂಪನಿ ಹ್ಯೂಸ್ಟನ್‌ನಿಂದಲೇ ಕೆಲಸ ಮಾಡಲು ಒಪ್ಪಿದೆ ಎಂದಿದ್ದೀಯ. ಅದು ದೊಡ್ಡ ವರ. ಆದರೆ ಬಂದ ದಿನವೇ ಎಚ್.ಆರ್.ಗೆ ಬರೆದು ಪೇರೋಲ್ ವಿಳಾಸ ಬದಲಾಯಿಸು. ಇಲ್ಲದಿದ್ದರೆ ನಿನ್ನ ಸಂಬಳದಿಂದ ಕ್ಯಾಲಿಫೋರ್ನಿಯಾದ ತೆರಿಗೆ ಮುರಿಯುತ್ತಲೇ ಇರುತ್ತದೆ, ವರ್ಷ ಮುಗಿದ ಮೇಲೆ ಕೈಗೆ ಬರುವ ಡಬ್ಲ್ಯೂ-2 ಎಂಬ ಸಂಬಳದ ಲೆಕ್ಕಪತ್ರ ‘ಈಕೆ ಇನ್ನೂ ಅಲ್ಲೇ ಇದ್ದಾಳೆ’ ಎಂದು ಸಾಕ್ಷಿ ಹೇಳುತ್ತದೆ. ಊರು ಬಿಟ್ಟ ವರ್ಷಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಭಾಗಶಃ ವರ್ಷದ ನಿವಾಸಿಯಾಗಿ 540ಎನ್‌ಆರ್ ಫಾರಂ ತುಂಬಬೇಕು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲದ್ದರಿಂದ, ಬೇರೆ ಕಡೆ ಎಲ್ಲರೂ ಮೊದಲು ತೋರಿಸುವ ತೆರಿಗೆ ರಿಟರ್ನ್ ಇಲ್ಲಿ ನಿನ್ನ ಕೈಯಲ್ಲಿರುವುದಿಲ್ಲ. ಅದಕ್ಕೇ ಮಿಕ್ಕ ಕಾಗದಗಳ ಬೆಲೆ ಇಲ್ಲಿ ಹೆಚ್ಚು.

ಒಂದು ಬಲೆ ಇದೆ, ಬಹಳ ಜನ ಇದರಲ್ಲಿ ಬೀಳುತ್ತಾರೆ. ಬಂದ ತಕ್ಷಣ ಕೆಲಸ ಬಿಟ್ಟು ಪೂರ್ಣಾವಧಿ ವಿದ್ಯಾರ್ಥಿಯಾಗಿ ಸೇರಿಬಿಟ್ಟರೆ, ‘ನೀನು ಬಂದದ್ದೇ ಓದಲಿಕ್ಕೆ, ನೆಲೆಸಲಿಕ್ಕಲ್ಲ’ ಎಂದು ಕಡತ ನೋಡುವವರು ಹೇಳಬಹುದು. ಇದು ಟೆಕ್ಸಸ್ ಒಂದರದ್ದೇ ರಿವಾಜಲ್ಲ, ಅನೇಕ ರಾಜ್ಯಗಳದ್ದು. ವಿಶ್ವವಿದ್ಯಾಲಯದಲ್ಲೇ ವಿದ್ಯಾರ್ಥಿ ಎಂಬ ಕಾರಣಕ್ಕೆ ಸಿಗುವ ಕೆಲಸವನ್ನೂ ನೆಲೆಯ ಆಧಾರವೆಂದು ಒಪ್ಪುವುದಿಲ್ಲ. ಆದ್ದರಿಂದ ಮೊದಲ ವರ್ಷ ಕೆಲಸ ಬಿಡಬೇಡ, ಸಂಜೆಯ ತರಗತಿಗೆ ಹೋಗು. ಇನ್ನೊಂದು ಮಾತು: 12 ತಿಂಗಳನ್ನು ಯಾವ ದಿನದಿಂದ ಹಿಂದಕ್ಕೆ ಎಣಿಸುತ್ತಾರೆ ಎಂಬುದು ಎಲ್ಲ ಕಡೆ ಒಂದೇ ಅಲ್ಲ. ಅರ್ಜಿಯ ದಿನವೇ, ಕಾಲೇಜು ಶುರುವಾಗುವ ದಿನವೇ ಎಂದು ಆಯಾ ಕಚೇರಿಗೇ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೋ. ಅರ್ಜಿಯಲ್ಲಿ ‘ನನ್ನ ರಾಜ್ಯ ಇದು’ ಎಂದು ನೀನು ತುಂಬಿದ ಮಾತ್ರಕ್ಕೆ ಮುಗಿಯಲಿಲ್ಲ, ತೀರ್ಮಾನ ಕಾಲೇಜಿನದು.

ಇನ್ನು ಇದೊಂದನ್ನು ಮರೆಯಬಾರದು, ಕೆಂಪು ಶಾಯಿಯಲ್ಲಿ ಗುರುತು ಮಾಡಿಕೋ. ನಿವಾಸಕ್ಕೆ ಪುರಾವೆ ಏನೇನು ಎಂಬ ಅನೇಕ ಪಟ್ಟಿಗಳಲ್ಲಿ ಮತದಾರರ ನೋಂದಣಿ ಇರುತ್ತದೆ. ಡ್ರೈವಿಂಗ್ ಲೈಸೆನ್ಸ್ ಕೊಡುವ ಕಿಟಕಿಯಲ್ಲೂ ‘ಮತದಾರರಾಗಿ ನೋಂದಾಯಿಸಿಕೊಳ್ಳುತ್ತೀರಾ’ ಎಂದು ಕೇಳುತ್ತಾರೆ. ನಿನ್ನ ಕೈಯಲ್ಲಿರುವುದು ಗ್ರೀನ್ ಕಾರ್ಡು, ಪೌರತ್ವವಲ್ಲ. ಅಲ್ಲಿ ಹೌದು ಎಂದು ಗುರುತು ಹಾಕಿದರೆ ಅಮೆರಿಕದ ಪ್ರಜೆಯೆಂದು ಸುಳ್ಳು ಹೇಳಿದಂತಾಗಿ ಗ್ರೀನ್ ಕಾರ್ಡಿಗೇ ಕುತ್ತು ಬರಬಹುದು. ಹಿಂದೆ ಕ್ಯೂ ಎಷ್ಟೇ ಉದ್ದವಿರಲಿ, ಆ ಫಾರಂ ಅನ್ನು ನಿಧಾನವಾಗಿ ಓದಿ ಸಹಿ ಹಾಕು.

ಆ ಪರಿಚಯದವರ ವಿಳಾಸ ಮಾತ್ರ ಬೇಡ, ಪುಟ್ಟಿ. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಾರೆ, ನಾಲ್ಕು ಜನ ಹೀಗೆ ಮಾಡಿದ್ದನ್ನೂ ನೋಡಿರಬಹುದು. ನನ್ನ ಮೇಜಿನ ಮೇಲೆ ಒಂದು ಸಲ ಬಂದ ಎರಡು ಕಡತಗಳ ಕಥೆ ಕೇಳು. ಒಂದರಲ್ಲಿ ಎಲ್ಲವೂ ಒಪ್ಪ ಓರಣ: ಬಾಡಿಗೆ ಕರಾರು, ನೋಟರಿ ಮುದ್ರೆ, ವರ್ಷವಿಡೀ ಅದೇ ವಿಳಾಸಕ್ಕೆ ಬಂದ ಕರೆಂಟು ಬಿಲ್ಲು. ಬಿಲ್ಲಿನಲ್ಲಿ ದುಡ್ಡಿನ ಮೊತ್ತದ ಕೆಳಗೆ ಸಣ್ಣಕ್ಷರದಲ್ಲಿ ಯೂನಿಟ್ ಲೆಕ್ಕ ಇರುತ್ತದೆ. ಜುಲೈನಲ್ಲೂ ಆಗಸ್ಟ್‌ನಲ್ಲೂ ಬೆರಳೆಣಿಕೆಯಷ್ಟು ಯೂನಿಟ್. ಟೆಕ್ಸಸ್‌ನ ಆಗಸ್ಟ್‌ನಲ್ಲಿ ಏಸಿ ಹಾಕದೆ ಯಾರು ಬದುಕುತ್ತಾರೆ? ಆ ಮನೆಯಲ್ಲಿ ಯಾರೂ ಇರಲಿಲ್ಲ. ಇನ್ನೊಂದು ಕಡತ ನಲವತ್ತು ದಾಟಿದ ಒಬ್ಬ ಆಂಬುಲೆನ್ಸ್ ಪ್ಯಾರಾಮೆಡಿಕ್‌ನದು. ಕಾಗದಗಳೆಲ್ಲ ಮುದುಡಿದ್ದವು, ಒಂದರ ಮೇಲೆ ಕಾಫಿ ಲೋಟದ ಗುರುತಿತ್ತು. ರಾತ್ರಿ ಪಾಳಿಯ ಸಂಬಳದ ಚೀಟಿಗಳು, ಮಗಳ ಶಾಲೆಯ ಫೀ ರಸೀದಿ, ನಾಯಿಗೆ ಲಸಿಕೆ ಹಾಕಿಸಿದ ಬಿಲ್ಲು. ಅದನ್ನು ಓದಿ ಮುಗಿಸುವ ಹೊತ್ತಿಗೆ ಅವನ ಇಡೀ ವರ್ಷ ನನ್ನ ಕಣ್ಣಮುಂದೆ ಬಂದಿತ್ತು. ಯಾವ ಕಡತಕ್ಕೆ ಒಪ್ಪಿಗೆಯ ಸಹಿ ಬಿತ್ತು ಎಂದು ನಿನಗೆ ಹೇಳಬೇಕಾಗಿಲ್ಲ. ನಿವಾಸದ ಫಾರಂ ಕೊನೆಯಲ್ಲಿ ‘ಇದು ಸತ್ಯ’ ಎಂದು ಬರೆದುಕೊಡಬೇಕು. ಆ ಮಾತು ಸುಳ್ಳೆಂದು ಆಮೇಲೆ ತಿಳಿದರೆ ಸಿಕ್ಕ ಸೀಟೂ ಹೋಗಬಹುದು. ರೋಗಿಯ ಚೀಟಿಯಲ್ಲಿ ಸತ್ಯ ಬರೆಯಬೇಕಾದವಳು ಮೊದಲ ಕಾಗದದಲ್ಲೇ ಸುಳ್ಳು ಬರೆದು ಶುರು ಮಾಡುವುದು ನನಗೆ ಸಹಿಸಲಾಗದ ವಿಷಯ.

ಕ್ಯಾಲಿಫೋರ್ನಿಯಾ ಬಿಟ್ಟೆನಲ್ಲ ಎಂಬ ದುಃಖವನ್ನೂ ಇಟ್ಟುಕೊಳ್ಳಬೇಡ. ಅಲ್ಲಿ ಅರ್ಜಿ ಹಾಕುವವರ ಸಂಖ್ಯೆಗೆ ಸೀಟು ತುಂಬ ಕಡಿಮೆ, ಅಲ್ಲಿಯ ಮಕ್ಕಳೇ ದೊಡ್ಡ ಸಂಖ್ಯೆಯಲ್ಲಿ ಬೇರೆ ರಾಜ್ಯಗಳಿಗೆ ಹೋಗಿ ಓದುತ್ತಾರೆ. ಟೆಕ್ಸಸ್‌ನ ಬಾಗಿಲು ನಿವಾಸಿಗಳಿಗೆ ಅದಕ್ಕಿಂತ ಅಗಲ. ಒಂದೊಂದು ರಾಜ್ಯದ ರೀತಿ ಒಂದೊಂದು. ಮೆಡಿಕಲ್ ಕಾಲೇಜೇ ಇಲ್ಲದ ಡೆಲವೇರ್ ತನ್ನ ಮಕ್ಕಳಿಗೆ ಪಕ್ಕದ ಫಿಲಡೆಲ್ಫಿಯಾದಲ್ಲಿ ಸೀಟು ಕಾದಿರಿಸಿದೆ. ವಯೋಮಿಂಗ್, ಅಲಾಸ್ಕಾ, ಮೊಂಟಾನಾ, ಇಡಾಹೊ ರಾಜ್ಯದವರಿಗೆ ವಾಷಿಂಗ್ಟನ್ ವಿಶ್ವವಿದ್ಯಾಲಯ ಜಾಗ ಇಟ್ಟಿರುತ್ತದೆ. ನಿನಗೆ ಇವು ಯಾವುವೂ ಬೇಕಿಲ್ಲ. ಟೆಕ್ಸಸ್‌ನ ಸರ್ಕಾರಿ ಕಾಲೇಜುಗಳಿಗೆ ಟಿಎಂಡಿಎಸ್‌ಎಎಸ್ ಎಂಬ ಒಂದೇ ಅರ್ಜಿ, ಎಷ್ಟು ಕಾಲೇಜು ಆರಿಸಿದರೂ ಒಂದೇ ಶುಲ್ಕ. ಮೇ ತಿಂಗಳಲ್ಲಿ ತೆರೆಯುತ್ತದೆ. ಅಕ್ಟೋಬರ್ 15ರಿಂದ ಇಲ್ಲಿನ ನಿವಾಸಿಗಳಿಗೆ ಕಾಲೇಜುಗಳು ಸೀಟಿನ ಮಾತು ಹೇಳತೊಡಗುತ್ತವೆ, ಫೆಬ್ರವರಿಯಲ್ಲಿ ನಿನ್ನ ಇಷ್ಟದ ಪಟ್ಟಿಗೂ ಅವರ ಪಟ್ಟಿಗೂ ತಾಳೆ ಹಾಕುತ್ತಾರೆ. ಮಿಕ್ಕ ರಾಜ್ಯಗಳ ಬಹುಪಾಲು ಎಂ.ಡಿ. ಕಾಲೇಜುಗಳಿಗೆ ಆಮ್‌ಕ್ಯಾಸ್ ಎಂಬ ಬೇರೆ ಅರ್ಜಿ, ಅಲ್ಲಿ ಕಾಲೇಜಿಗಿಷ್ಟು ಎಂದು ದುಡ್ಡು.

ಆದರೆ ಪುಟ್ಟಿ, ನಿನ್ನ ಕಾಗದದಲ್ಲಿ ಒಂದು ಸಾಲೂ ಇಲ್ಲದ ವಿಷಯವೇ ನಿನ್ನ ದೊಡ್ಡ ಅಡಚಣೆ. ಅದು ನಿನ್ನ ಮೈಸೂರಿನ ಬಿ.ಇ. ಅದು ಕಷ್ಟಪಟ್ಟು ಪಡೆದ ಪದವಿ, ನನಗೆ ಗೊತ್ತು. ಆದರೂ ಆಮ್‌ಕ್ಯಾಸ್ ಪರದೇಶದ ಅಂಕಪಟ್ಟಿಯನ್ನು ಪರಿಶೀಲಿಸಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಬಹಳಷ್ಟು ಮೆಡಿಕಲ್ ಕಾಲೇಜುಗಳು ಕಡೇಪಕ್ಷ 90 ಸೆಮಿಸ್ಟರ್ ಕ್ರೆಡಿಟ್‌ಗಳನ್ನಾದರೂ ಅಮೆರಿಕ ಅಥವಾ ಕೆನಡಾದಲ್ಲಿ ಮಾಡಿರಬೇಕು ಎನ್ನುತ್ತವೆ. ಪದವಿಯೇ ಇಲ್ಲಿಯದಾಗಿರಬೇಕು ಎನ್ನುವವೂ ಇವೆ. ನೀನು ಇಲ್ಲಿ ಮಾಡಿದ ಎಂ.ಎಸ್.ನಿಂದ 30 ಚಿಲ್ಲರೆ ಕ್ರೆಡಿಟ್ ಬರಬಹುದು. ಬಯಾಲಜಿ, ಜನರಲ್ ಕೆಮಿಸ್ಟ್ರಿ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಫಿಸಿಕ್ಸ್, ಎಲ್ಲಕ್ಕೂ ಲ್ಯಾಬು, ಜೊತೆಗೆ ಬಯೋಕೆಮಿಸ್ಟ್ರಿ, ಸ್ಟ್ಯಾಟಿಸ್ಟಿಕ್ಸ್ ಮಾಡಿದರೆ 45ರ ಆಸುಪಾಸು ಆದೀತು. ಟೆಕ್ಸಸ್‌ನ ಬಹಳಷ್ಟು ಕಾಲೇಜುಗಳು ಇಂಗ್ಲಿಷ್ ಕೋರ್ಸನ್ನೂ ಕೇಳುತ್ತವೆ. ಆಗಲೂ ಸ್ವಲ್ಪ ಕೊರತೆ ಬೀಳುತ್ತದೆ. ಎಂ.ಎಸ್.ನ ಕ್ರೆಡಿಟ್‌ಗಳನ್ನು ಈ 90ರಲ್ಲಿ ಸೇರಿಸುತ್ತೀರಾ ಎಂದು ಪ್ರತಿ ಕಾಲೇಜಿಗೂ ಈಗಲೇ ಇ-ಮೇಲ್ ಬರೆ. ಪಿಯುಸಿ ಕೆಮಿಸ್ಟ್ರಿಯಲ್ಲಿ ನಿನಗೆ ಎಷ್ಟು ಬಂದಿತ್ತು ಎಂಬುದು ಇಲ್ಲಿ ಯಾರಿಗೂ ಬೇಡ. ಮೂವತ್ನಾಲ್ಕರ ಸಂಜೆ, ಆಫೀಸು ಮುಗಿಸಿ, ಹದಿನೆಂಟರ ಹುಡುಗರ ಪಕ್ಕ ಕೂತು ಟೈಟ್ರೇಶನ್ ಮಾಡಬೇಕು. ಆ ಹುಡುಗರೊಂದಿಗೆ ಸ್ನೇಹ ಮಾಡಿಕೋ, ಮುಂದಿನ ಸಹಪಾಠಿಗಳು ಅಂಥವರೇ.

ಈಗ ಲೆಕ್ಕ ನೋಡು. ಈ ಕೋರ್ಸುಗಳಿಗೆ ಕೆಲಸದ ಜೊತೆಗೆ ಎರಡೂವರೆ, ಮೂರು ವರ್ಷ ಬೇಕು. ನಂತರ ಎಂಕ್ಯಾಟ್ ಪರೀಕ್ಷೆ: ನಾಲ್ಕು ಭಾಗ, 472ರಿಂದ 528ರವರೆಗೆ ಅಂಕ, ಬಿಡುವೂ ಸೇರಿ ಏಳೂವರೆ ಗಂಟೆ. ಅದರ ಅಂಕ ಬಹಳಷ್ಟು ಕಾಲೇಜುಗಳಲ್ಲಿ ಎರಡು ಮೂರು ವರ್ಷ ಮಾತ್ರ ನಡೆಯುತ್ತದೆ, ಆದ್ದರಿಂದ ಅವಸರಪಟ್ಟು ಬರೆಯಬೇಡ. ಅರ್ಜಿಗೆ ಇನ್ನೊಂದು ವರ್ಷ. ಅಷ್ಟು ಹೊತ್ತಿಗೆ ನೀನು ಟೆಕ್ಸಸ್‌ನಲ್ಲಿ ಮೂರು ವರ್ಷಕ್ಕೂ ಹೆಚ್ಚು ಇದ್ದಾಗಿರುತ್ತದೆ! ಯಾವ ಒಂದು ವರ್ಷಕ್ಕಾಗಿ ನಿದ್ದೆಗೆಟ್ಟೆಯೋ ಅದು ನಿನಗೆ ಗೊತ್ತಾಗದ ಹಾಗೆ ಕಳೆದಿರುತ್ತದೆ. ಬೇರೆಯವರ ವಿಳಾಸ ಯಾತಕ್ಕೂ ಬೇಕಾಗಿರಲಿಲ್ಲ.

ವಯಸ್ಸಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ, ಯಾಕೆಂದರೆ ಊರೆಲ್ಲ ನಿನಗೆ ಅದನ್ನೇ ಹೇಳುತ್ತಿದೆ. ಇಲ್ಲಿನ ಮೆಡಿಕಲ್ ಕಾಲೇಜಿಗೆ ಸೇರುವವರ ಸರಾಸರಿ ವಯಸ್ಸು 24ರ ಆಸುಪಾಸು. ಸರಾಸರಿ ಅಂದಮೇಲೆ ಅದರಾಚೆಗೂ ಜನ ಇರುತ್ತಾರೆ. ಕೇಂದ್ರ ಸರ್ಕಾರದ ಹಣ ಪಡೆಯುವ ಸಂಸ್ಥೆ ವಯಸ್ಸಿನ ಮೇಲೆ ಭೇದ ಮಾಡಬಾರದು ಎಂದು 1975ರಿಂದ ಕಾನೂನೇ ಇದೆ. ಭಾರತದಲ್ಲೂ 2022ರಲ್ಲಿ ನೀಟ್ ಪರೀಕ್ಷೆಯ ವಯಸ್ಸಿನ ಗರಿಷ್ಠ ಮಿತಿ ತೆಗೆದರು. ಆಲ್ಬರ್ಟ್ ಶ್ವೈಟ್ಸರ್ ಮೂವತ್ತರಲ್ಲಿ ವೈದ್ಯ ವಿದ್ಯಾರ್ಥಿಯಾಗಿ, 1913ರಲ್ಲಿ ಆಫ್ರಿಕಾದ ಲಂಬರೆನೆಗೆ ಹೊರಟಾಗ ಅವರಿಗೆ 38. ನೀನು 38ಕ್ಕೆ ಸೇರಿ 42ಕ್ಕೆ ಎಂ.ಡಿ. ಮುಗಿಸಿ, ಫ್ಯಾಮಿಲಿ ಮೆಡಿಸಿನ್ ತರಬೇತಿಯ 3 ವರ್ಷ ಕಳೆದರೆ 45. ನ್ಯೂರೋಸರ್ಜರಿ ಎಂದರೆ 7 ವರ್ಷ, ಅದನ್ನು ನಾನು ನಿನಗೆ ಹೇಳಲಾರೆ. ಲಬಕ್‌ನ ಟೆಕ್ಸಸ್ ಟೆಕ್‌ನಲ್ಲಿ ಫ್ಯಾಮಿಲಿ ಡಾಕ್ಟರಾಗಬೇಕೆನ್ನುವವರಿಗೆ ಮೂರೇ ವರ್ಷದಲ್ಲಿ ಎಂ.ಡಿ. ಮುಗಿಸುವ ದಾರಿಯಿದೆ. ಹ್ಯೂಸ್ಟನ್‌ನಲ್ಲೇ ಟೆಕ್ಸಸ್ ಎ ಅಂಡ್ ಎಂ 2019ರಿಂದ ಇಂಜಿನಿಯರುಗಳಿಗಾಗಿ ಎನ್‌ಮೆಡ್ ಎಂಬ ಕೋರ್ಸು ನಡೆಸುತ್ತಿದೆ, ನಾಲ್ಕು ವರ್ಷದಲ್ಲಿ ಎಂ.ಡಿ.ಯ ಜೊತೆ ಇಂಜಿನಿಯರಿಂಗ್ ಮಾಸ್ಟರ್ಸ್ ಕೂಡ. ಇವೆರಡನ್ನೂ ವಿಚಾರಿಸು.

ದುಡ್ಡಿನ ಮಾತು ಅಳಿಯಂದಿರ ಜೊತೆ ಕೂತು ಆಡಬೇಕು. 2025ರ ಜುಲೈನಲ್ಲಿ ಆದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸದಾಗಿ ಸಾಲ ತೆಗೆಯುವವರಿಗೆ ಗ್ರಾಡ್ ಪ್ಲಸ್ ಸಾಲ ಇಲ್ಲ. ಮೆಡಿಕಲ್ ವಿದ್ಯಾರ್ಥಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50,000 ಡಾಲರ್, ಒಟ್ಟು 2 ಲಕ್ಷ ಡಾಲರ್, ಅಷ್ಟೇ. ಮುಂಚೆ ಖರ್ಚು ಎಷ್ಟಾದರೂ ಸಾಲ ಸಿಗುತ್ತಿತ್ತು. ಈಗ ಖಾಸಗಿ ಕಾಲೇಜಿನ ಶುಲ್ಕ, ಮನೆ ಬಾಡಿಗೆ ಎಲ್ಲ ಸೇರಿದರೆ ಆ ಮಿತಿ ದಾಟುವುದು ಸುಲಭ. ಟೆಕ್ಸಸ್ ನಿವಾಸಿಯಾಗಿ ಸರ್ಕಾರಿ ಕಾಲೇಜಿನಲ್ಲಿ ಓದಿದರೆ ಆ ಮಿತಿಯೊಳಗೇ ಉಳಿಯುವ ಆಸೆ ಇದೆ. ನಿನ್ನ ಸಂಬಳ ನಿಲ್ಲುವ ವರ್ಷಗಳಲ್ಲಿ ಈ ವ್ಯತ್ಯಾಸ ಮನೆಯ ನೆಮ್ಮದಿಯ ಪ್ರಶ್ನೆ. ನ್ಯೂಯಾರ್ಕ್ ವಿಶ್ವವಿದ್ಯಾಲಯ 2018ರಲ್ಲಿ, ಐನ್‌ಸ್ಟೈನ್ ಮೆಡಿಕಲ್ ಕಾಲೇಜು 2024ರಲ್ಲಿ ಎಲ್ಲರಿಗೂ ಬೋಧನಾ ಶುಲ್ಕ ಮನ್ನಾ ಮಾಡಿದವು ಎಂದು ಆಸೆ ಹುಟ್ಟಬಹುದು. ಅರ್ಜಿ ಹಾಕು, ಆದರೆ ಲೆಕ್ಕವನ್ನು ಅದರ ಮೇಲೆ ಕಟ್ಟಬೇಡ.

ಸಂದರ್ಶನದಲ್ಲಿ ನಿನ್ನಂಥವರನ್ನು ಅವರು ಕೇಳೇ ಕೇಳುತ್ತಾರೆ: ಯಾಕೆ ಈಗ? ನರ್ಸ್ ಪ್ರ್ಯಾಕ್ಟಿಷನರೋ, ಫಿಸಿಷಿಯನ್ ಅಸಿಸ್ಟೆಂಟೋ ಆದರೆ ಇಷ್ಟು ವರ್ಷ ಬೇಡವಲ್ಲ? ಜೋಪಾನವಾಗಿ ಇಟ್ಟುಕೋ ಎಂದೆನಲ್ಲ, ಆ ಪ್ಯಾರಾ ಬೇಕಾಗುವುದು ಅಲ್ಲಿ. ‘ಜನಸೇವೆ ಮಾಡುವ ಹಂಬಲ’ ಎಂಬುದನ್ನು ಅವರು ದಿನವೂ ಕೇಳಿರುತ್ತಾರೆ. ನೀನು ಪೆಪ್ಪರ್‌ಮಿಂಟ್ ಡಬ್ಬಿಯ ವಿಷಯ ಹೇಳು. ಅವಳು ಡಾಕ್ಟರಿಗೆ ಹೇಳದ್ದನ್ನು ನಿನಗೆ ಯಾಕೆ ಹೇಳಿದಳು, ಅದನ್ನು ಕೇಳಿಸಿಕೊಂಡ ಮೇಲೆ ಔಷಧಿ ಬದಲಾಯಿಸುವ ಅಧಿಕಾರ ನಿನಗಿಲ್ಲದೆ ಎದ್ದು ಹೋಗಿ ಯಾರಿಗೋ ಹೇಳಬೇಕಾಯಿತಲ್ಲ, ಆಗ ಏನನ್ನಿಸಿತು, ಅದನ್ನು ಹೇಳು. ಕಾಗದದಲ್ಲಿ ನನಗೆ ಹೇಗೆ ಬರೆದೆಯೋ ಹಾಗೆ.

ಕಷ್ಟದ ಮಾತನ್ನೂ ಹೇಳಬೇಕು, ಹೇಳದಿದ್ದರೆ ನಾನು ಹಿರಿಯಳಾಗಿ ಪ್ರಯೋಜನವಿಲ್ಲ. ಮೂರನೆಯ ವರ್ಷದಿಂದ ಆಸ್ಪತ್ರೆಯ ಪಾಳಿ. ಪುಟಾಣಿ ಆಗ ಹೈಸ್ಕೂಲಿನ ಹತ್ತಿರ ಬಂದಿರುತ್ತಾನೆ, ಅವನ ಶಾಲೆಯ ಕಾರ್ಯಕ್ರಮಗಳು ನಿನಗೆ ತಪ್ಪುತ್ತವೆ. ಎಂ.ಡಿ. ಮುಗಿಯುವ ವರ್ಷ ಮಾರ್ಚ್‌ನ ಮೂರನೆಯ ಶುಕ್ರವಾರ, ತರಬೇತಿಗೆ ಯಾವ ಊರು ಎಂಬುದು ಒಂದು ಲಕೋಟೆಯಲ್ಲಿ ಬರುತ್ತದೆ. ಅದು ಟೆಕ್ಸಸ್ ಆಗಬೇಕೆಂದೇನಿಲ್ಲ. ಇಪ್ಪತ್ತಾರರ ಹುಡುಗ ಸೂಟ್‌ಕೇಸು ಹಿಡಿದು ಹೊರಡುತ್ತಾನೆ, ನೀನು ಮೂವರ ಸಂಸಾರ ಎತ್ತಬೇಕು, ಅಥವಾ ಮೂರು ವರ್ಷ ಎರಡು ಊರಿನಲ್ಲಿ ಇರಬೇಕು. ಇದನ್ನು ಅಳಿಯಂದಿರ ಹತ್ತಿರ ಈಗಲೇ ಮುಚ್ಚುಮರೆಯಿಲ್ಲದೆ ಮಾತಾಡು. ಅವರು ಒಪ್ಪಿದ್ದಾರೆ ಎಂದು ಬರೆದಿದ್ದೀಯ, ಯಾವುದಕ್ಕೆ ಒಪ್ಪಿದ್ದಾರೆ ಎಂಬುದು ಇಬ್ಬರಿಗೂ ಸ್ಪಷ್ಟವಾಗಿರಲಿ. ನಿಮ್ಮಮ್ಮನಿಗೆ ನಾನು ಹೇಳುತ್ತೇನೆ. ಅವಳದು ಕೋಪವಲ್ಲ, ಮಗಳು ದಣಿದುಬಿಡುತ್ತಾಳೆ ಎಂಬ ಸಂಕಟ.

ಜೂನ್‌ನಲ್ಲಿ ಬಂದಾಗ ಸಾಮಾನು ಬಿಚ್ಚುವ ಮೊದಲೇ ಮಾಡಬೇಕಾದವು ಕೆಲವಿವೆ. ಬಾಡಿಗೆ ಕರಾರಿನಲ್ಲಿ ಇಬ್ಬರ ಹೆಸರೂ ಇರಲಿ, ಕರೆಂಟು ಬಿಲ್ಲು ನಿನ್ನ ಹೆಸರಿಗೆ ಬರಲಿ. ಕಾರಿನ ನೋಂದಣಿಗೆ ಇಲ್ಲಿ 30 ದಿನ ಗಡುವು, ಲೈಸೆನ್ಸಿಗೆ 90 ದಿನ. ಲೈಸೆನ್ಸಿನ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗುತ್ತದೆ, ಕ್ಯಾಲಿಫೋರ್ನಿಯಾದಿಂದಲೇ ಆನ್‌ಲೈನ್‌ನಲ್ಲಿ ದಿನ ಗೊತ್ತು ಮಾಡಿಕೋ. ಗ್ರೀನ್ ಕಾರ್ಡು, ವಿಳಾಸದ ಎರಡು ಕಾಗದ, ಹಳೆಯ ಲೈಸೆನ್ಸು ಕೈಚೀಲದಲ್ಲಿರಲಿ, ಮೂವರ್ಸ್ ಲಾರಿಗೆ ಹಾಕಬೇಡ. ನಾನೂ ಜೊತೆಗೆ ಬರುತ್ತೇನೆ. ಸಂಜೆ ಕೋರ್ಸಿನ ದಿನಗಳಲ್ಲಿ ಪುಟಾಣಿ ನಮ್ಮ ಮನೆಯಲ್ಲೇ ಊಟ ಮಾಡಲಿ, ಅವನಿಗೆ ನಿಮ್ಮ ದೊಡ್ಡಪ್ಪ ಆಗಲೇ ಚೆಸ್ ಬೋರ್ಡು ತಂದಿಟ್ಟಿದ್ದಾರೆ. ಕಾಲೇಜುಗಳಿಗೆ ಬರೆಯುವ ಇ-ಮೇಲ್‌ನ ಕರಡನ್ನು ಈ ಭಾನುವಾರದೊಳಗೆ ನನಗೆ ಕಳಿಸು, ತಿದ್ದಿ ಕೊಡುತ್ತೇನೆ.

ಇಂತಿ,
ನಿನ್ನ ದೊಡ್ಡಮ್ಮ